ಹತ್ತು ಮೈಲಿಯ ಯಾತ್ರೆ

ಯಾತ್ರೆಯ ವೃತ್ತಾಂತವನ್ನು ಬರೆಯುವವರು ಸಾಮಾನ್ಯವಾಗಿ ಕಾಶಿ, ಬದರಿ, ರಾಮೇಶ್ವರ ಮುಂತಾದ ದೂರದ ಕ್ಷೇತ್ರಗಳನ್ನು ಕುರಿತು ಬರೆಯುವರು. ನಾನು ಬರೆಯಹೊರಟಿರುವುದು ನನ್ನ ಮನೆಯಿಂದ ಹತ್ತು ಮೈಲಿ ಆಚೆಗಿರುವ ಸ್ಥಳವೊಂದನ್ನು ನಲವತ್ತು ವರ್ಷ ತಡವಾಗಿ ನೋಡಿಬಂದ ಸಂಗತಿಯನ್ನು. ಇಷ್ಟು ಸಣ್ಣ ಪ್ರಯಾಣಕ್ಕೆ ಇಷ್ಟು ದೊಡ್ಡ ಪೀಠಿಕೆಯೇಕೆಂದು ವಾಚಕರು ಕೇಳಬಹುದು. ಅದನ್ನು ಹೇಳಬೇಕಾದರೆ ನಾನು ಮೊದಲು ಸಮುದ್ರವನ್ನು ದಾಟಿದ ಕಥೆಯನ್ನು ಹೇಳಬೇಕು.

ನನ್ನ ಮಗಳೂ ಅಳಿಯನೂ ಜರ್ಮನಿ ದೇಶದ ಸಾರ್‌ಬ್ರೂಕನ್ ಎಂಬ ಪಟ್ಟಣದಲ್ಲಿ ಕೆಲವು ವರ್ಷಗಳಿಂದ ಇದ್ದಾರೆ. "ಅಪ್ಪಾ, ಪುಸ್ತಕಗಳಿಗೆ ಧೂಳು ಹತ್ತಿದರೆ ಹತ್ತಲಿ, ಒಂದು ಸಲ ಬಂದು ಹೋಗಿ" ಎಂದು ಅವಳು ಬಲವಂತಪಡಿಸಿದ್ದರಿಂದ, ಹೋದ ವರ್ಷದ ಬೇಸಗೆಯಲ್ಲಿ ಎರಡು ತಿಂಗಳು ಅಲ್ಲಿದ್ದೆನು. ಅದು ಎಲ್ಲೆಯ ಸೀಮೆ. ಊರಿನ ಟ್ರಾಮು ಬಂಡಿಯಲ್ಲಿ ಕುಳಿತರೆ ಅದು ಫ್ರಾನ್ಸ್ ದೇಶದ ಸಾರ್ಗೆಮಿನ್ ಎಂಬ ಊರಿನವರೆಗೂ ಹೋಗುತ್ತದೆ. ಎಲ್ಲಿ ಒಂದು ದೇಶ ಮುಗಿಯಿತು, ಎಲ್ಲಿ ಇನ್ನೊಂದು ಮೊದಲಾಯಿತು ಎಂಬುದು ಅಂಗಡಿಯ ಬೋರ್ಡುಗಳಿಂದ ಮಾತ್ರ ತಿಳಿಯಬೇಕು. ಮೊದಲನೆಯ ಮಹಾಯುದ್ಧವಾದ ಮೇಲೆ ಆ ಸೀಮೆಯನ್ನು ರಾಷ್ಟ್ರಸಂಘವು ಆಳಿತು. ೧೯೩೫ರಲ್ಲಿ ಜನರ ಮತವನ್ನು ಕೇಳಿ ಜರ್ಮನಿಗೆ ಸೇರಿಸಿದರು. ಎರಡನೆಯ ಯುದ್ಧವಾದ ಮೇಲೆ ಮತ್ತೆ ಬೇರೆಯಾಗಿ, ೧೯೫೭ರಲ್ಲಿ ಮತ್ತೆ ಸೇರಿತು. ಅಲ್ಲಿ ನೂರು ವರ್ಷ ಬಾಳಿದ ಮುದುಕಿಯೊಬ್ಬಳು ಒಂದೇ ಮನೆಯಲ್ಲಿದ್ದುಕೊಂಡು ನಾಲ್ಕು ರಾಜ್ಯಭಾರಗಳನ್ನು ನೋಡಿರಬಹುದು. ಆದರೆ ಈಗ ಅದೇ ಸೀಮೆಯ ಅಂಚಿನಲ್ಲಿ, ಮೊಸೆಲ್ ನದಿಯ ಆಚೆಯ ದಡದಲ್ಲಿ, ಶೆಂಗನ್ ಎಂಬ ಪುಟ್ಟ ಊರಿದೆ. ೧೯೮೫ರ ಜೂನ್ ೧೪ರಂದು ಐದು ದೇಶಗಳವರು ಅಲ್ಲಿ ಒಂದು ಹಡಗಿನ ಮೇಲೆ ಕುಳಿತು, ತಮ್ಮ ನಡುವಣ ಎಲ್ಲೆಗಳಲ್ಲಿ ತಪಾಸಣೆಯನ್ನು ಬಿಡತಕ್ಕದ್ದೆಂದು ಒಪ್ಪಿ ಸಹಿ ಹಾಕಿದರು.

ಮಗಳು ನನ್ನನ್ನು ಓರ್ಶೋಲ್ಟ್ಸ್ ಎಂಬಲ್ಲಿ ಬೆಟ್ಟದ ಮೇಲಕ್ಕೆ ಕರೆದುಕೊಂಡು ಹೋದಳು. ಕೆಳಗೆ ಸಾರ್ ನದಿಯು ಕಾಡುಗುಡ್ಡವೊಂದನ್ನು ಸುತ್ತಿಕೊಂಡು, ಹೊರಟ ಕಡೆಗೇ ಹಿಂತಿರುಗಿ ಹರಿಯುತ್ತದೆ. ಪ್ರದಕ್ಷಿಣೆ ಮಾಡಿದಂತೆ ಇದೆ. ನಾನು ಕೈಮುಗಿದೆನು, ಅಲ್ಲಿದ್ದವರು ನಕ್ಕರೇನೊ, ನಾನು ನೋಡಲಿಲ್ಲ. ಮರುದಿನ ಫೋಲ್ಕ್ಲಿಂಗನ್ ಎಂಬ ಊರಿಗೆ ಹೋದೆವು. ಅಲ್ಲಿರುವುದು ದೇವಾಲಯವೂ ಅಲ್ಲ, ಅರಮನೆಯೂ ಅಲ್ಲ. ೧೮೭೩ರಲ್ಲಿ ಕಟ್ಟಿ, ೧೯೮೬ರಲ್ಲಿ ನಿಲ್ಲಿಸಿದ ಕಬ್ಬಿಣದ ಕುಲುಮೆ. ತುಕ್ಕುಹಿಡಿದ ಆ ದೈತ್ಯಾಕಾರವನ್ನು ಹಾಗೆಯೇ ಕಾಪಾಡಿಟ್ಟಿದ್ದಾರೆ. ೧೯೯೪ರಲ್ಲಿ ಯುನೆಸ್ಕೊ ಸಂಸ್ಥೆಯು ಅದನ್ನು ಜಗತ್ತಿನ ಪರಂಪರೆಯ ಸ್ಥಾನವೆಂದು ಎಣಿಸಿತು. ಜನರು ಚೀಟಿ ಕೊಂಡು, ಮಕ್ಕಳನ್ನು ಎತ್ತಿಕೊಂಡು, ಕಬ್ಬಿಣದ ಮೆಟ್ಟಿಲುಗಳನ್ನು ಹತ್ತುತ್ತಿದ್ದರು. 'ನನ್ನ ತಾತ ಇಲ್ಲಿ ಕೆಲಸ ಮಾಡುತ್ತಿದ್ದ' ಎಂದು ಒಬ್ಬನು ತನ್ನ ಮಗುವಿಗೆ ಹೇಳುತ್ತಿದ್ದುದನ್ನು ನನ್ನ ಅಳಿಯನು ನನಗೆ ತಿಳಿಸಿ ಹೇಳಿದನು.

ನನ್ನ ಮೊಮ್ಮಗನಿಗೆ ಹತ್ತು ವರ್ಷ. ಅವನು ಆ ಕುಲುಮೆಯ ಕೆಳಗೆ ನಿಂತು, "ತಾತ, ನಿಮ್ಮ ಊರಿನ ಹತ್ತಿರ ಚಿನ್ನದ ಗಣಿ ಇತ್ತಂತಲ್ಲ, ಅದರ ಒಳಗೆ ಹೇಗಿತ್ತು?" ಎಂದು ಕೇಳಿದನು.

ನನಗೆ ಉತ್ತರವಿರಲಿಲ್ಲ.

ಮೈಸೂರಿನ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಸಾಹಿತ್ಯವನ್ನೂ ಓದಿ, ೧೯೮೪ರಲ್ಲಿ ಬಂಗಾರಪೇಟೆಗೆ ಉಪಾಧ್ಯಾಯನಾಗಿ ಬಂದವನು ನಾನು. ನಿವೃತ್ತನಾಗುವವರೆಗೆ ಮೂವತ್ತನಾಲ್ಕು ವರ್ಷ ಅಲ್ಲಿಯ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳಿದೆನು. ಬಂಗಾರಪೇಟೆಯೆಂದರೆ ಬಂಗಾರಕ್ಕೆ ಸಂಬಂಧಪಟ್ಟ ಹೆಸರೆಂದು ಹೊರಗಿನವರು ಭಾವಿಸುತ್ತಾರೆ. ಹಿಂದಿನ ಹೆಸರು ಬೌರಿಂಗ್‌ಪೇಟೆ. ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ದೊರೆಯ ಹೆಸರು ಅದು. ಜನರ ಬಾಯಲ್ಲಿ ಅದು ಹೇಗೆ ತಿರುಗಿ ಬಂಗಾರವಾಯಿತೆಂಬುದನ್ನು ನಾನು ಮಕ್ಕಳಿಗೆ ಶಬ್ದವಿಕಾರದ ಉದಾಹರಣೆಯಾಗಿ ಹೇಳುತ್ತಿದ್ದೆನು. ಅಷ್ಟಕ್ಕೇ ನಿಲ್ಲಿಸುತ್ತಿದ್ದೆನು. ನಮ್ಮ ಸ್ಟೇಷನ್ನಿನಿಂದ ಮಾರಿಕುಪ್ಪಕ್ಕೆ ೧೮೯೪ರಿಂದಲೂ ರೈಲು ಹೋಗುತ್ತಿದೆ. ಆ ರೈಲಿನಲ್ಲಿ ಬರುತ್ತಿದ್ದ ಹುಡುಗರಿಗೆ ನಾನು ಪಾಠ ಹೇಳಿದೆನು. ಆ ರೈಲನ್ನು ಹತ್ತಿ ನಾನು ಹೋದುದು, ಮದುವೆಮುಂಜಿಗಳಿಗೆ ರಾಬರ್ಟ್‌ಸನ್ ಪೇಟೆಗೆ ಹೋದುದನ್ನು ಬಿಟ್ಟರೆ, ಇಲ್ಲವೆಂದೇ ಹೇಳಬೇಕು.

ಕರೆದವರು ಇಲ್ಲದೆ ಇರಲಿಲ್ಲ. ೧೯೯೪ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಮನೆಯ ಮಾತು ತಮಿಳು. ಆದರೆ ಸಂಸ್ಕೃತದಲ್ಲಿ ತರಗತಿಗೇ ಮೊದಲು. ಅವನ ತಂದೆ ಚಾಂಪಿಯನ್ ರೀಫಿನಲ್ಲಿ ಕೆಲಸಗಾರ. ನಾನು ಒಂದು ದಿನ ಕೌಟಿಲ್ಯನ ವಿಷಯವನ್ನು ಹೇಳುತ್ತ, ಅರ್ಥಶಾಸ್ತ್ರದ ಓಲೆಪ್ರತಿಯು ಮೈಸೂರಿನಲ್ಲಿ ಶಾಮಶಾಸ್ತ್ರಿಗಳ ಕೈಗೆ ದೊರೆತು ೧೯೦೯ರಲ್ಲಿ ಅಚ್ಚಾದುದನ್ನೂ, ಅದರಲ್ಲಿ ಆಕರಾಧ್ಯಕ್ಷನೆಂಬ ಗಣಿಯ ಅಧಿಕಾರಿಗೆ ಅದಿರಿನ ಬಣ್ಣ ತೂಕಗಳ ಪರೀಕ್ಷೆಯನ್ನು ವಿಧಿಸಿರುವುದನ್ನೂ ಬಹಳ ಉತ್ಸಾಹದಿಂದ ವಿವರಿಸಿದೆನು. ಹುಡುಗನು ಅದನ್ನು ಮನೆಯಲ್ಲಿ ಹೇಳಿದನು. ಮರುವಾರ ಬಂದು, "ಮೇಷ್ಟ್ರೆ, ಅಪ್ಪ ಮೇಲಿನವರನ್ನು ಕೇಳಿ ಒಪ್ಪಿಗೆ ತಂದಿದ್ದಾರೆ. ಬರುವ ಭಾನುವಾರ ನಿಮ್ಮನ್ನು ಗಣಿಯ ಒಳಕ್ಕೆ ಕರೆದುಕೊಂಡು ಹೋಗುತ್ತಾರಂತೆ" ಎಂದನು. ಆಗಲಿ ಎಂದೆನು. ಭಾನುವಾರ ಹೋಗಲಿಲ್ಲ. ತಲೆನೋವು ಎಂದು ಹೆಂಡತಿಗೆ ಹೇಳಿದ ನೆನಪಿದೆ. ತಲೆನೋವಿರಲಿಲ್ಲ. ನೆಲದೊಳಕ್ಕೆ ಇಳಿಯುವ ಭಯ ಒಂದು ಪಾಲು. ಆ ಲೈನುಮನೆಗಳು, ಅಲ್ಲಿಯ ಊಟ, ಅಲ್ಲಿಯ ಸ್ಪರ್ಶ, ಇವುಗಳ ಸಂಕೋಚ ಮೂರು ಪಾಲು. ಸೋಮವಾರ ಹುಡುಗನು ಏನನ್ನೂ ಕೇಳಲಿಲ್ಲ; ನಾನೂ ಏನನ್ನೂ ಹೇಳಲಿಲ್ಲ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ನೀರನ್ನು ಮೇಲಕ್ಕೆತ್ತುವ ಯಂತ್ರಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಇನ್ನು ಯಾರು ಕರೆದರೂ ಇಳಿಯುವಂತಿಲ್ಲ.

ಕಳೆದ ಡಿಸೆಂಬರಿನ ರಜದಲ್ಲಿ ಮಗಳು ಮೊಮ್ಮಗನನ್ನು ಕರೆದುಕೊಂಡು ಬಂದಳು. "ನೀನು ನನಗೆ ನಿನ್ನ ಎಲ್ಲೆಯನ್ನು ತೋರಿಸಿದೆ, ನಾನು ನಿನಗೆ ನನ್ನದನ್ನು ತೋರಿಸುತ್ತೇನೆ" ಎಂದು ಅವನಿಗೆ ಮಾತು ಕೊಟ್ಟಿದ್ದೆನು. ಮೂರು ದಿವಸಗಳ ಏರ್ಪಾಡಾಯಿತು. ನಿಜ ಹೇಳುವುದಾದರೆ, ಮೊದಲಿನ ಎರಡು ದಿವಸ ನಾನು ಮೂರನೆಯದನ್ನು ಮುಂದೂಡುತ್ತಿದ್ದೆನು.

ಮೊದಲನೆಯ ದಿನ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು. ಯಾವುದೋ ಮಹಾಯಜ್ಞದ ವಿಭೂತಿಯಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಯಜ್ಞದ ಬೂದಿ ಬಿದ್ದ ನೆಲದಲ್ಲಿ ಶ್ರೀರಂಗಪಟ್ಟಣವನ್ನು ಆಳುವ ಸೈನಿಕನು ಹುಟ್ಟಿದುದು ನನಗೆ ಯಾವಾಗಲೂ ವಿಚಿತ್ರವಾಗಿ ತೋರುತ್ತದೆ. ಅಲ್ಲಿಂದ ಕಾಮಸಮುದ್ರದ ಕಡೆಗೆ ಹೋದೆವು. ರೈಲಿನಲ್ಲಿ ಪೂರ್ವಕ್ಕೆ ಹೋಗುವವನು ಕಾಮಸಮುದ್ರದಲ್ಲಿ ಕರ್ನಾಟಕವನ್ನು ಬಿಟ್ಟು, ಬಿಸಾನತ್ತಂನಲ್ಲಿ ಆಂಧ್ರವನ್ನು ಹೊಕ್ಕು, ಕುಪ್ಪವನ್ನು ದಾಟಿ, ಸ್ವಲ್ಪ ಹೊತ್ತಿನಲ್ಲಿಯೇ ತಮಿಳುನಾಡನ್ನು ಸೇರುತ್ತಾನೆ. ಮೂರು ರಾಜ್ಯಗಳ ಕುರುಚಲು ಕಾಡು ಇಲ್ಲಿ ಒಂದಕ್ಕೊಂದು ಹೊಂದಿಕೊಂಡಿದೆ. ಆನೆಗಳ ಹಿಂಡುಗಳು ಒಂದು ರಾಜ್ಯದ ರಾಗಿಯನ್ನು ತಿಂದು ಇನ್ನೊಂದು ರಾಜ್ಯದಲ್ಲಿ ನೀರು ಕುಡಿಯುತ್ತವೆ. ರೈತರಿಗೆ ಇದು ವಿನೋದವಲ್ಲ. ಹೊಲದ ನಡುವೆ ಮರದ ಮೇಲೆ ಕಟ್ಟಿದ ಅಟ್ಟಣೆಯನ್ನು ಹುಡುಗನು ನೋಡಿ, ಆಟದ ಮನೆಯೆಂದು ತಿಳಿದನು. ರಾತ್ರಿಯಿಡೀ ತಮಟೆ ಹಿಡಿದು ಕೂರುವ ಸ್ಥಳವೆಂದು ಹೊಲದವನು ಹೇಳಿದನು. ಅವನು ಹೇಳಿದುದು ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ. ಇಲ್ಲಿಯ ಮಾತೇ ಹಾಗೆ. ನಮ್ಮ ಜಿಲ್ಲೆಯ ಮಾಸ್ತಿಯವರ ಮನೆಮಾತು ತಮಿಳು. ಅವರಿಂದ ಕನ್ನಡಕ್ಕೆ ಏನು ಬಂದಿತೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಎರಡನೆಯ ದಿನ ಆವನಿ ಮತ್ತು ಬೇತಮಂಗಲ. ಆವನಿಯಲ್ಲಿ ನಾನು ಮಾತುಗಾರನಾದೆನು. ವಾಲ್ಮೀಕಿಯ ಆಶ್ರಮ, ಸೀತೆಯು ಇದ್ದ ಗುಡ್ಡ, ಕುಶಲವರು ಹುಟ್ಟಿದ ಎಡೆ, ರಾಮ ಲಕ್ಷ್ಮಣ ಭರತ ಶತ್ರುಘ್ನರ ಹೆಸರಿನ ಲಿಂಗಗಳ ಗುಡಿಗಳು, ಹತ್ತನೆಯ ಶತಮಾನದ ನೊಳಂಬರ ಶಿಲ್ಪ: ಒಂದೊಂದಕ್ಕೂ ನನ್ನಲ್ಲಿ ಒಂದು ಪ್ರವಚನವಿತ್ತು. ಹುಡುಗನು ಆಕಳಿಸಿದನು. ಬೇತಮಂಗಲದಲ್ಲಿ ಮಾತ್ರ ಅವನ ಕಣ್ಣು ಅರಳಿತು. ಪಾಲಾರಿಗೆ ಕಟ್ಟಿದ ದೊಡ್ಡ ಕೆರೆ ಅದು. ಬಾಣವಂಶದ ಅರಸನೊಬ್ಬನ ಹೆಸರಿನಿಂದ ಊರಿಗೆ ಹಿಂದೆ ವಿಜಯಾದಿತ್ಯಮಂಗಲವೆಂದು ಹೆಸರಿತ್ತು. ಒಡೆದ ಕೆರೆಯನ್ನು ಮತ್ತೆ ಕಟ್ಟಿಸಿದವರನ್ನು ಶಾಸನಗಳು ಹೊಗಳುತ್ತವೆ. ಗಣಿಯ ಊರುಗಳಿಗೆ ಕುಡಿಯುವ ನೀರು ಹೋದುದು ಈ ಕೆರೆಯಿಂದ. ನದಿಯು ಇಲ್ಲಿಂದ ಮುಂದೆ ಆಂಧ್ರಕ್ಕೂ ಅಲ್ಲಿಂದ ತಮಿಳುನಾಡಿಗೂ ಹರಿದು ಸಮುದ್ರವನ್ನು ಸೇರಬೇಕು. ಅನೇಕ ವರ್ಷಗಳಲ್ಲಿ ಸೇರುವುದು ಮರಳು ಮಾತ್ರ. ಇದರ ನೀರಿನ ವಿಷಯದಲ್ಲಿ ಮೈಸೂರಿಗೂ ಮದರಾಸಿಗೂ ೧೮೯೨ರಲ್ಲಿಯೇ ಒಪ್ಪಂದವಾಗಿತ್ತು. ಸಾರ್ ನದಿಯನ್ನು ನೋಡಿದವನಿಗೆ ಇದನ್ನು ನದಿಯೆಂದು ನಂಬಿಸುವುದು ಸ್ವಲ್ಪ ಕಷ್ಟವಾಯಿತು.

ದಾರಿಯಲ್ಲಿ ಗುಟ್ಟಹಳ್ಳಿಯ ಬಂಗಾರು ತಿರುಪತಿಯನ್ನೂ ಕಮ್ಮಸಂದ್ರದ ಕೋಟಿಲಿಂಗವನ್ನೂ ನೋಡಿದೆವು. ಮೊದಲನೆಯದರಲ್ಲಿ ದೇವರನ್ನು ಆರು ಕಂಡಿಗಳ ಕಿಟಕಿಯ ಮೂಲಕ ನೋಡಬೇಕು. ಎರಡನೆಯದರಲ್ಲಿ ನೂರೆಂಟು ಅಡಿಯ ಲಿಂಗವನ್ನು ನೋಡದೆ ಇರುವುದೇ ಕಷ್ಟ. ನನ್ನ ಮನಸ್ಸು ಕಿಟಕಿಯ ಕಡೆಗೆ. ಹುಡುಗನ ಮನಸ್ಸು ನೂರೆಂಟು ಅಡಿಯ ಕಡೆಗೆ. ಸಂಜೆ ಬಂಗಾರಪೇಟೆಯಲ್ಲಿ, ನೀರಿನಂತೆ ತಿಳಿಯಾದ ಪಾನಿಯಲ್ಲಿ ಕೊಡುವ ಪಾನಿಪೂರಿಯನ್ನು ಇಬ್ಬರೂ ಒಪ್ಪಿದೆವು. ಬೆಂಗಳೂರಿನವರೂ ಇದಕ್ಕಾಗಿ ಬರುತ್ತಾರೆ. ಇದಕ್ಕೆ ನೊಳಂಬರ ಶಾಸನವಿಲ್ಲ.

ಮೂರನೆಯ ದಿನ ಭಾನುವಾರ. ಹಿಂದಿನ ರಾತ್ರಿ ನನ್ನ ಹಳೆಯ ಶಿಷ್ಯನಿಗೆ ಟೆಲಿಫೋನು ಮಾಡಿದ್ದೆನು. ಅವನಿಗೆ ಈಗ ನಲವತ್ತೈದು ವರ್ಷ. ಗಣಿಯ ಊರಿನ ಎಷ್ಟೋ ಸಾವಿರ ಜನರಂತೆ ಅವನೂ ಬೆಳಗಾಗುವುದಕ್ಕೆ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ದುಡಿದು, ರಾತ್ರಿ ಹಿಂತಿರುಗುತ್ತಾನೆ. ವಾರಕ್ಕೊಂದು ದಿನದ ಬಿಡುವನ್ನು ನನಗೆ ಕೊಡುವುದಕ್ಕೆ ಅವನು ಹಿಂದೆಮುಂದೆ ನೋಡಲಿಲ್ಲ. ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂದು ರೈಲು ಒಂದೊಂದು ಗಣಿಯ ಹೆಸರಿನಲ್ಲಿಯೂ ನಿಂತಿತು. ಅವನು ಸ್ಟೇಷನ್ನಿನಲ್ಲಿ ನಿಂತಿದ್ದನು. "ಬನ್ನಿ ಮೇಷ್ಟ್ರೆ" ಎಂದನು. ಎಷ್ಟು ವರ್ಷಕ್ಕೆ ಬಂದಿರಿ ಎಂದು ಕೇಳಲಿಲ್ಲ.

ಅವನು ಗುರುವಾದನು, ನಾನು ಶಿಷ್ಯನಾದೆನು. ಮೊದಲು ಕರೆದುಕೊಂಡು ಹೋದುದು ಸಯನೈಡು ಗುಡ್ಡಗಳಿಗೆ. ಅದಿರನ್ನು ಹಿಟ್ಟಿನಂತೆ ಅರೆದು, ಸಯನೈಡಿನ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಮಣ್ಣು ನೂರು ವರ್ಷ ಬಿದ್ದು ಬಿದ್ದು ಬೆಟ್ಟಗಳ ಸಾಲಾಗಿದೆ. ಮಳೆಯು ಕೊರೆದ ಸಂದುಗಳು, ಬೂದಿ ಹಳದಿ ಬಣ್ಣ, ಗಿಡವಿಲ್ಲದ ಇಳಿಜಾರು. ಸಿನಿಮಾದವರಿಗೆ ಇದು ಬಹಳ ಪ್ರಿಯ. ಗಾಳಿ ಬೀಸಿದಾಗ ಊರಿನವರು ಕಿಟಕಿ ಮುಚ್ಚುತ್ತಾರೆ. ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿಗೂ ಮಿಗಿಲಾದ ಚಿನ್ನ ಈ ನೆಲದಿಂದ ಹೊರಕ್ಕೆ ಹೋಯಿತು. ಕೊನೆಕೊನೆಗೆ ಒಂದು ಟನ್ನು ಕಲ್ಲಿಗೆ ಕೆಲವೇ ಗ್ರಾಂ ದೊರೆಯುತ್ತಿತ್ತು. ಇಲ್ಲಿ ಉಳಿದಿರುವುದು ಈ ಗುಡ್ಡಗಳು.

ಈ ಚಿನ್ನದ ಸುದ್ದಿಯನ್ನು ಬರೆದಿಟ್ಟವನ ವಿಷಯದಲ್ಲಿ ನನಗೆ ತಿಳಿದಿದ್ದುದನ್ನು ನಾನು ಶಿಷ್ಯನಿಗೆ ಹೇಳಿದೆನು. ಒಂದಾದರೂ ನನ್ನ ಕಡೆಯಿಂದಿರಲಿ ಎಂದು. ಟೀಪು ಮಡಿದ ಮೇಲೆ ಮೈಸೂರಿನ ಪೂರ್ವದ ಎಲ್ಲೆಯನ್ನು ಅಳೆಯಲು ಬಂದಿದ್ದ ಜಾನ್ ವಾರೆನ್ ಎಂಬ ಸೈನ್ಯಾಧಿಕಾರಿಯು ೧೮೦೨ರಲ್ಲಿ ಇಲ್ಲಿಯ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡನು. ಅದೇ ವಾರೆನ್ನನು ಮುಂದೆ ನಮ್ಮ ಪಂಚಾಂಗಗಳ ಗಣಿತವನ್ನು ಕುರಿತು 'ಕಾಲಸಂಕಲಿತ'ವೆಂಬ ದೊಡ್ಡ ಗ್ರಂಥವನ್ನು ಬರೆದು ೧೮೨೫ರಲ್ಲಿ ಮದರಾಸಿನಲ್ಲಿ ಅಚ್ಚುಮಾಡಿಸಿದನು. ಪರದೇಶದ ಸೈನಿಕನೊಬ್ಬನು ನಮ್ಮ ತಿಥಿವಾರಗಳನ್ನೂ ನೋಡಿದನು, ನಮ್ಮ ಮಣ್ಣನ್ನೂ ನೋಡಿದನು. ನಾನು ತಿಥಿಯನ್ನು ಮಾತ್ರ ನೋಡುತ್ತಿದ್ದೆನು. ಅವನು ಅಳೆದ ಎಲ್ಲೆಯನ್ನು ಚಿನ್ನದ ಬಂಡೆ ಲಕ್ಷಿಸಲಿಲ್ಲ. ಸುಮಾರು ೨೭೦ ಕೋಟಿ ವರ್ಷಗಳ ಹಿಂದಿನ ಆ ಶಿಲೆಯ ಪಟ್ಟಿ ಉತ್ತರ ದಕ್ಷಿಣವಾಗಿ ಎಂಬತ್ತು ಕಿಲೋಮೀಟರು ಹಬ್ಬಿ, ಆಂಧ್ರದ ಚಿಗರಗುಂಟದಲ್ಲಿಯೂ ಗಣಿ ತೋಡಿಸಿತು.

ಚಾಂಪಿಯನ್ ರೀಫಿನಲ್ಲಿ ಸುರಂಗದ ಬಾಯಿಯ ಮೇಲೆ ಎತ್ತಿನಿಲ್ಲಿಸಿದ ಉಕ್ಕಿನ ಗೋಪುರವನ್ನು ದೂರದಿಂದ ನೋಡಿದೆವು. ಮೇಲೆ ಚಕ್ರಗಳಿವೆ, ಹಗ್ಗವಿಲ್ಲ. ಮೊಮ್ಮಗನು ಫೋಲ್ಕ್ಲಿಂಗನ್ನಿನಲ್ಲಿ ಕೇಳಿದ ಪ್ರಶ್ನೆಯನ್ನು ಅಲ್ಲಿ ಮತ್ತೆ ಕೇಳಿದನು. ಶಿಷ್ಯನು ತನ್ನ ತಂದೆಯಿಂದ ಕೇಳಿದ್ದನ್ನು ಹೇಳಿದನು. ಕಬ್ಬಿಣದ ಪಂಜರದಲ್ಲಿ ಇಳಿಯಬೇಕು, ಕಿವಿ ಕಟ್ಟುತ್ತದೆ, ಒಂದೇ ಸಲಕ್ಕೆ ತಳ ಸಿಕ್ಕುವುದಿಲ್ಲ, ಪಂಜರಗಳನ್ನು ಬದಲಾಯಿಸುತ್ತ ಹೋಗಬೇಕು. ತೀರ ಕೆಳಗೆ ಬಂಡೆಯ ಶಾಖ ಅರುವತ್ತು ಡಿಗ್ರಿಯನ್ನು ಮೀರುತ್ತಿತ್ತು. ಯಂತ್ರದಿಂದ ತಣಿಸಿದ ಗಾಳಿಯನ್ನು ಕಳುಹಿಸುತ್ತಿದ್ದರು. ಕಲ್ಲನ್ನು ತೆಗೆದ ಎಡೆಯಲ್ಲಿ ಭಾರ ತಾಳಲಾರದೆ ಬಂಡೆ ಸಿಡಿಯುವುದುಂಟು. ಅದು ಸಿಡಿದರೆ ಮೇಲೆ ಮನೆಗಳಲ್ಲಿ ಪಾತ್ರೆಗಳು ಅದುರುತ್ತಿದ್ದುವು. ಪಾತ್ರೆ ಅದುರಿದಾಗ ಹೆಂಗಸರು ಮಾತಾಡುವುದನ್ನು ನಿಲ್ಲಿಸಿ, ಯಾರ ಪಾಳಿಯೆಂದು ಲೆಕ್ಕ ಹಾಕುತ್ತಿದ್ದರಂತೆ.

ಕಾವೇರಿಯ ಶಿವನಸಮುದ್ರದಿಂದ ೧೪೭ ಕಿಲೋಮೀಟರು ತಂತಿಯೆಳೆದು ೧೯೦೨ರಲ್ಲಿಯೇ ಇಲ್ಲಿಗೆ ವಿದ್ಯುತ್ತನ್ನು ತಂದರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು ೧೯೦೫ರಲ್ಲಿ. ಇನ್ನೊಂದನ್ನು ಶಿಷ್ಯನಿಂದ ಮೊದಲು ಕೇಳಿದಾಗ ನಾನು ನಂಬಲಿಲ್ಲ. ೧೯೬೫ರಲ್ಲಿ ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯವರು, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್‌ಹಂ ವಿದ್ಯಾಲಯದವರ ಸಂಗಡ ಸೇರಿ, ಈ ಗಣಿಯ ಆಳದಲ್ಲಿ ಯಂತ್ರಗಳನ್ನಿಟ್ಟು ಕಾದು ಕುಳಿತು, ವಾಯುಮಂಡಲದಲ್ಲಿ ಹುಟ್ಟಿ ಭೂಮಿಯನ್ನು ತೂರಿಹೋಗುವ ನ್ಯೂಟ್ರಿನೊ ಎಂಬ ಕಣದ ಗುರುತನ್ನು ಹಿಡಿದರು. ಮೇಲಿನ ಬಂಡೆಯೆಲ್ಲ ಬೇರೆ ಕಣಗಳನ್ನು ಸೋಸಿಬಿಡುತ್ತದೆ. ಅದಕ್ಕಾಗಿಯೇ ಅಷ್ಟು ಆಳ. ಕಣಾದನ ಪರಮಾಣುವಾದವನ್ನು ಬಾಯಿಪಾಠ ಮಾಡಿದ ನನಗೆ ಹತ್ತು ಮೈಲಿಯ ಆಚೆ ಇದು ನಡೆದಿತ್ತೆಂದು ಅರುವತ್ತೇಳನೆಯ ವರ್ಷದಲ್ಲಿ ತಿಳಿಯಿತು.

ಮಧ್ಯಾಹ್ನ ಅವನ ಮನೆಗೆ ಹೋದೆವು. ಹಳೆಯ ಲೈನುಮನೆ, ಒಂದು ಕೋಣೆಯನ್ನು ಹೊಸದಾಗಿ ಸೇರಿಸಿದ್ದಾರೆ. ತಂದೆಯು ಎದೆಯ ಕಾಯಿಲೆಯಿಂದ ತೀರಿಕೊಂಡು ಬಹಳ ವರ್ಷವಾಯಿತು. ಗೋಡೆಯ ಪಟದಲ್ಲಿ ನಾನು ಅವರ ಮುಖವನ್ನು ಮೊದಲ ಸಲ ನೋಡಿದೆನು. ತಾಯಿ ಇದ್ದಾರೆ. ನನ್ನನ್ನು ಸ್ವಲ್ಪ ಹೊತ್ತು ನೋಡಿ, ಇವರು ಆ ಸಂಸ್ಕೃತದ ಮೇಷ್ಟರೇ ಎಂದು ಮಗನನ್ನು ತಮಿಳಿನಲ್ಲಿ ಕೇಳಿದರು. ಹೌದೆಂದನು. ಆಮೇಲೆ ಅವರು ನನ್ನನ್ನು ನೋಡಿ ಹೇಳಿದ ಮಾತನ್ನು ಮಗನು ಕನ್ನಡಕ್ಕೆ ತಿರುಗಿಸಲಿಲ್ಲ. ಆದರೆ ನಲವತ್ತು ವರ್ಷ ಈ ಸೀಮೆಯಲ್ಲಿದ್ದವನಿಗೆ ಅಷ್ಟು ತಮಿಳು ಅರ್ಥವಾಗುತ್ತದೆ.

"ಆ ಭಾನುವಾರ ಅವರು ಗೇಟಿನ ಹತ್ತಿರ ಮೂರು ಗಂಟೆಯವರೆಗೆ ನಿಂತಿದ್ದರು. ನಮ್ಮಲ್ಲಿ ಬೇಯಿಸಿದ್ದನ್ನು ನೀವು ತಿನ್ನುವುದಿಲ್ಲವೆಂದು ಬಾಳೆಹಣ್ಣನ್ನೂ ಎಳನೀರನ್ನೂ ತಂದಿಟ್ಟಿದ್ದರು. ಮೇಷ್ಟರಿಗೆ ಮೈಯಲ್ಲಿ ಚೆನ್ನಾಗಿಲ್ಲವೋ ಏನೋ, ವಿಚಾರಿಸು ಎಂದು ಇವನಿಗೆ ಹೇಳಿದರು."

ಆಕೆಯ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನನಗೆ ಆಗ ಹುಷಾರಿತ್ತೇ ಎಂದು ತಿಳಿದುಕೊಳ್ಳಲು ಕೇಳಿದಂತಿತ್ತು. ನಾನು ಎದ್ದು ನಿಂತು, ಹುಷಾರಾಗಿಯೇ ಇದ್ದೆನಮ್ಮ, ಹೆದರಿ ಬರಲಿಲ್ಲ, ತಪ್ಪಾಯಿತು ಎಂದೆನು. ಹೆದರಿಕೆಯಲ್ಲದ ಇನ್ನೊಂದು ಕಾರಣವನ್ನು ಅಲ್ಲಿ ಹೇಳಲು ನನ್ನ ನಾಲಗೆ ಏಳಲಿಲ್ಲ, ಇಲ್ಲಿ ಬರೆದಿದ್ದೇನೆ. ಶಿಷ್ಯನು ತಲೆ ತಗ್ಗಿಸಿದನು. ಆಕೆ, ಎಲ್ಲರೂ ಹೆದರುವರು, ಅವರೂ ದಿನವೂ ಹೆದರಿಯೇ ಇಳಿಯುತ್ತಿದ್ದರು ಎಂದು ಹೇಳಿ ಒಳಕ್ಕೆ ಹೋದರು. ಒಳಗಿನಿಂದ ಮಗನನ್ನು ಮೆಲ್ಲನೆ ಕರೆದು ಏನೋ ಕೇಳಿದುದು ನನಗೆ ಕೇಳಿಸಿತು: ಇವರು ಕಾಫಿ ಕುಡಿಯುವರೋ, ಹಣ್ಣು ತರಿಸಲೋ?

"ಕಾಫಿ ಕೊಡಿ ತಾಯಿ" ಎಂದು ನಾನೇ ಕೂಗಿ ಹೇಳಿದೆನು. ಅನ್ನ, ಹುಳಿ, ಹುರುಳಿಕಾಯಿಯ ಪಲ್ಯವನ್ನೂ ಬಡಿಸಿದರು. ಮೊಮ್ಮಗನು ಎರಡು ಸಲ ಬಡಿಸಿಕೊಂಡನು. ಊಟವಾದ ಮೇಲೆ ಆಕೆ ಬೀರುವಿನಿಂದ ಗಂಡನ ತಲೆಗಾಪನ್ನು ತೆಗೆದು ಹುಡುಗನ ತಲೆಯ ಮೇಲಿಟ್ಟರು. ಅದು ಅವನ ಕಣ್ಣನ್ನು ಮುಚ್ಚಿತು. ಎಲ್ಲರೂ ನಕ್ಕೆವು.

ಸಂಜೆಯ ರೈಲಿನಲ್ಲಿ ಹುಡುಗನು ಬಹಳ ಹೊತ್ತು ಸುಮ್ಮನಿದ್ದು, "ತಾತ, ತಳ ಎಷ್ಟು ದೂರ?" ಎಂದು ಕೇಳಿದನು. ಸುಮಾರು ಮೂರೂಕಾಲು ಕಿಲೋಮೀಟರು ಎಂದೆನು. ಅವನಿಗೆ ಸಮಾಧಾನವಾಗಲಿಲ್ಲ. "ನಮ್ಮ ಸ್ಟೇಷನ್ನಿನಿಂದ ಮನೆಗೆ ಎಷ್ಟು?" ಎಂದನು. ಒಂದು ಮೈಲಿ ಇರಬಹುದು ಎಂದೆನು. ಬಂಗಾರಪೇಟೆಯಲ್ಲಿ ಇಳಿದಾಗ ಆಟೋ ಬೇಡವೆಂದನು. ಕತ್ತಲಲ್ಲಿ ನಡೆದೇ ಹೋದೆವು. ಅವನು ಹೆಜ್ಜೆಗಳನ್ನು ಜರ್ಮನ್ ಭಾಷೆಯಲ್ಲಿ ಎಣಿಸುತ್ತ ಬಂದನು. ನಾನು ಬೀಗ ತೆಗೆಯುತ್ತಿದ್ದಾಗ ಬಾಗಿಲಲ್ಲಿ ನಿಂತು, "ತಾತ, ಇದು ಅರ್ಧ ಮಾತ್ರ" ಎಂದನು.